ಮನೆಯ ನೆಲ: ಗಟ್ಟಿ ನೆಲ ಮತ್ತು ಹಾಸು

ಮನೆಯ ನೆಲ ಎಂದರೆ ಕಟ್ಟಡದ ಒಳಗೆ ಜನ ನಡೆಯುವ, ಕೂರುವ, ಮಲಗುವ ಮಟ್ಟಸವಾದ ಮೇಲ್ಮೈ. ಅದು ಎರಡು ಬಗೆಯಲ್ಲಿ ಸಿದ್ಧವಾಗುತ್ತದೆ. ಮಣ್ಣು, ಗಾರೆ, ಕಲ್ಲು, ಸುಟ್ಟ ಬಿಲ್ಲೆ, ಮರ ಮೊದಲಾದವನ್ನು ಬಡಿದು, ಎರೆದು, ಜೋಡಿಸಿ ಮಾಡಿದ್ದು ಗಟ್ಟಿ ನೆಲ. ಉಣ್ಣೆ, ಹತ್ತಿ, ನಾರು, ಹುಲ್ಲು ಅಥವಾ ಕೃತಕ ನೂಲಿನಿಂದ ನೇಯ್ದು ಆ ನೆಲದ ಮೇಲೆ ಹರಡುವಂಥದ್ದು ಹಾಸು. ಹಾಸನ್ನು ಬೇಕಾದಾಗ ಬಿಡಿಸಿ, ಕೆಲಸ ಮುಗಿದ ಮೇಲೆ ಸುತ್ತಿ ಮೂಲೆಗಿಡುವುದು ದಕ್ಷಿಣ ಭಾರತದ ಮನೆಗಳ ರೂಢಿ. ಕೋಣೆಯ ಉದ್ದಗಲಕ್ಕೆ ಸರಿಯಾಗಿ ಕತ್ತರಿಸಿ, ಅಂಚನ್ನು ಮೊಳೆಪಟ್ಟಿಗೆ ಸಿಕ್ಕಿಸಿ, ವರ್ಷಗಟ್ಟಲೆ ಹಾಗೇ ಬಿಡುವುದು 20ನೇ ಶತಮಾನದ ಬ್ರಿಟನ್ ಮತ್ತು ಅಮೆರಿಕದ ರೂಢಿ. ಕಾರ್ಪೆಟ್ಟೋ ಗಟ್ಟಿ ನೆಲವೋ ಎಂಬ ಚರ್ಚೆ ಹುಟ್ಟಿದ್ದು ಈ ಎರಡನೆಯದರಿಂದ. ಸುತ್ತಿಡಲು ಬರುವ ಹಾಸು ಇರುವ ಮನೆಯಲ್ಲಿ ಎರಡರಲ್ಲಿ ಒಂದನ್ನು ಆರಿಸುವ ಗೋಜೇ ಇಲ್ಲ.

ಪರಿಭಾಷೆ

ಅಂಗಡಿಯ ಬೋರ್ಡುಗಳಲ್ಲಿ ನೆಲಹಾಸು ಎಂಬ ಮಾತು ಒಂದು ಕಡೆ ಟೈಲ್ಸ್‌ಗೆ, ಇನ್ನೊಂದು ಕಡೆ ಜಮಖಾನಕ್ಕೆ ಸಲ್ಲುತ್ತದೆ. ಗೊಂದಲ ತಪ್ಪಲೆಂದು ಈ ಲೇಖನದಲ್ಲಿ ಹಾಸು ಎಂಬುದನ್ನು ಮೆತ್ತನೆಯ, ಹರಡಬಲ್ಲ ವಸ್ತುಗಳಿಗೆ ಮಾತ್ರ ಬಳಸಲಾಗಿದೆ. ಅದರಲ್ಲಿ ನೂಲಿನ ತುದಿಗಳು ಹುಲ್ಲಿನಂತೆ ಮೇಲೆದ್ದು ನಿಂತಿದ್ದರೆ ಆ ನಿಂತ ಪದರಕ್ಕೆ ಪೈಲ್ ಎನ್ನುತ್ತಾರೆ. ಪೈಲ್ ಇದ್ದು ಕೈಯಿಂದ ಗಂಟು ಹಾಕಿದ್ದು ರತ್ನಗಂಬಳಿ. ಪೈಲ್ ಇಲ್ಲದೆ ಚಪ್ಪಟೆಯಾಗಿ ನೇಯ್ದ ಹತ್ತಿಯ ಹಾಸು ಜಮಖಾನ. ಕೋಣೆಯಿಡೀ ಹಾಸಿ ಬಿಗಿದದ್ದು ಕೂರಿಸಿದ ಕಾರ್ಪೆಟ್.

ರತ್ನಗಂಬಳಿಯಲ್ಲಿರುವುದು ರತ್ನ ಮತ್ತು ಕಂಬಳಿ. ಮಳೆಗಾಲದಲ್ಲಿ ಕಾಲವು ಗಾಲವಾದಂತೆಯೇ ಇಲ್ಲಿ ಕಂಬಳಿ ಗಂಬಳಿಯಾಗಿದೆ. ಇದಕ್ಕಿಂತ ಸ್ವಾರಸ್ಯದ ಪದ ಉತ್ತರ ಕರ್ನಾಟಕದ ಫರಸಿ. ಅಲ್ಲಿ ಫರಸಿ ಎಂದರೆ ಕಲ್ಲುಹಾಸಿದ ನೆಲ, ಆ ಕಲ್ಲಿನ ಚಪ್ಪಡಿಯೂ ಹೌದು. ಮೂಲದ ಫರ್ಶ್ ಎಂಬ ಮಾತಿಗೆ ಹರಡಿದ್ದು ಎಂಬ ಅರ್ಥ. ಇರಾನಿನಲ್ಲಿ ಇವತ್ತಿಗೂ ಫರ್ಶ್ ಎಂದರೆ ಕಾರ್ಪೆಟ್. ಅಲ್ಲಿ ಉಣ್ಣೆಗೆ ಸಂದ ಹೆಸರು ಕಲಬುರಗಿಗೆ ಬರುವಷ್ಟರಲ್ಲಿ ಕಲ್ಲಿಗೆ ಸಂದಿದೆ.

ಉಗಮ ಮತ್ತು ಇತಿಹಾಸ

ಇಂದಿನ ತುರ್ಕಿಯ ಚಾತಲ್‌ಹ್ಯೂಯುಕ್‌ನಲ್ಲಿ ಸುಮಾರು 9,000 ವರ್ಷ ಹಳೆಯ ಮನೆಗಳನ್ನು ಅಗೆದಾಗ ಎರಡೂ ಒಟ್ಟಿಗೇ ಸಿಕ್ಕವು: ಮತ್ತೆ ಮತ್ತೆ ಸಾರಿಸಿ ಪದರಗಟ್ಟಿದ ನೆಲ, ಅದರ ಮೇಲೆ ಹುಲ್ಲಿನ ಚಾಪೆಯ ಅಚ್ಚು. ರಾಜಸ್ಥಾನದ ಕಾಲಿಬಂಗನ್‌ನಲ್ಲಿ ಹರಪ್ಪ ಕಾಲದ ನೆಲವೊಂದಕ್ಕೆ ಒಂದನ್ನೊಂದು ಕತ್ತರಿಸಿ ಹೋಗುವ ವೃತ್ತಗಳ ಚಿತ್ತಾರದ ಬಿಲ್ಲೆಗಳನ್ನು ಹಾಕಿದ್ದರು.

ಗಂಟು ಹಾಕಿದ ಪೈಲ್ ಕಾರ್ಪೆಟ್‌ಗಳಲ್ಲಿ ಇಡಿಯಾಗಿ ಉಳಿದಿರುವ ಅತಿ ಹಳೆಯದು ಸೈಬೀರಿಯದ ಅಲ್ತಾಯ್ ಬೆಟ್ಟಗಳ ಪಜಿರಿಕ್‌ನದು. 1949ರಲ್ಲಿ ಸೆರ್ಗೆಯ್ ರುಡೆಂಕೊ ತಂಡ ಅದನ್ನು ಒಂದು ಗೋರಿಯೊಳಗಿನ ಹಿಮಗಡ್ಡೆಯಿಂದ ಬಿಡಿಸಿ ತೆಗೆಯಿತು. ಕ್ರಿ.ಪೂ. 5–4ನೇ ಶತಮಾನದ ಈ ಕಾರ್ಪೆಟ್‌ನ ಅಳತೆ ಸುಮಾರು 183×200 ಸೆಂ.ಮೀ. ಗೋರಿಗೆ ನುಗ್ಗಿದ್ದ ಕಳ್ಳರು ಬಿಟ್ಟುಹೋದ ದಾರಿಯಿಂದ ನೀರಿಳಿದು ಹೆಪ್ಪುಗಟ್ಟಿದ್ದರಿಂದ ಉಣ್ಣೆ ಕೊಳೆಯದೆ ಉಳಿಯಿತು. ಸದ್ಯ ಅದು ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ.

ಭಾರತದಲ್ಲಿ ರತ್ನಗಂಬಳಿ ದೊಡ್ಡ ಉದ್ಯಮವಾದದ್ದು 16ನೇ ಶತಮಾನದಲ್ಲಿ, ಅಕ್ಬರ್ ಪರ್ಷಿಯದ ಕುಶಲಿಗಳನ್ನು ಕರೆಸಿ ಆಗ್ರಾ, ಫತೇಪುರ್ ಸಿಕ್ರಿ, ಲಾಹೋರ್‌ಗಳಲ್ಲಿ ಕಾರ್ಖಾನೆ ತೆರೆದ ಮೇಲೆ. ದಖನ್ನಿನ ಸುಲ್ತಾನರೂ ಹಿಂದೆ ಬೀಳಲಿಲ್ಲ. ವಿಜಯಪುರದ ಆಸಾರ್ ಮಹಲಿನಲ್ಲಿದ್ದ ಹಳೆಯ ಕಾರ್ಪೆಟ್‌ಗಳನ್ನು ಈಗ ಗೋಳಗುಮ್ಮಟದ ಆವರಣದ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಬ್ರಿಟಿಷರ ಕಾಲದಲ್ಲಿ ಜೈಲುಗಳೂ ನೇಯ್ಗೆಯ ಕೇಂದ್ರಗಳಾದವು. ವಿಂಡ್ಸರ್ ಅರಮನೆಯ ವಾಟರ್‌ಲೂ ಸಭಾಂಗಣದಲ್ಲಿರುವ, ಸುಮಾರು ಎರಡು ಟನ್ ತೂಗುವ ಕಾರ್ಪೆಟ್ ಅನ್ನು 1890ರ ದಶಕದಲ್ಲಿ ನೇಯ್ದವರು ಆಗ್ರಾ ಜೈಲಿನ ಕೈದಿಗಳು. 1992ರಲ್ಲಿ ಅರಮನೆಗೆ ಬೆಂಕಿ ಬಿದ್ದಾಗ ಅದನ್ನು ಸುತ್ತಿ ಹೊರಸಾಗಿಸಲು ಸೈನಿಕರ ಒಂದು ಪಡೆಯೇ ಬೇಕಾಯಿತು.

ಯೂರೋಪಿನಲ್ಲಿ ಮೊದಮೊದಲು ಕಾರ್ಪೆಟ್ ಕಾಲಡಿಗೆ ಬಂದದ್ದು ಅಪರೂಪ. 16–17ನೇ ಶತಮಾನದ ವರ್ಣಚಿತ್ರಗಳಲ್ಲಿ ಅದನ್ನು ಹೆಚ್ಚಾಗಿ ಮೇಜಿನ ಮೇಲೆ ಹೊದಿಸಿರುತ್ತಾರೆ. ತುಳಿಯುವಷ್ಟು ಅಗ್ಗದ ಸರಕು ಅದಾಗಿರಲಿಲ್ಲ. 1755ರಲ್ಲಿ ಇಂಗ್ಲೆಂಡಿನ ಆಕ್ಸ್‌ಮಿನ್‌ಸ್ಟರ್ ಪಟ್ಟಣದಲ್ಲಿ ಥಾಮಸ್ ವಿಟ್ಟಿ ತುರ್ಕಿ ಮಾದರಿಯ ದೊಡ್ಡ ಕಾರ್ಪೆಟ್‌ಗಳನ್ನು ನೇಯಿಸತೊಡಗಿದ. 1839ರಲ್ಲಿ ಅಮೆರಿಕದ ಎರಾಸ್ಟಸ್ ಬಿಗೆಲೋ ಯಂತ್ರಮಗ್ಗ ರೂಪಿಸಿದ ಮೇಲೆ ಮಧ್ಯಮ ವರ್ಗದ ಬೈಠಕ್ಕಿಗೂ ಕಾರ್ಪೆಟ್ ಬಂತು.

ಕೂರಿಸಿದ ಕಾರ್ಪೆಟ್ ಜನಸಾಮಾನ್ಯರದ್ದಾದ ಕತೆ ಅಮೆರಿಕದ ಜಾರ್ಜಿಯ ರಾಜ್ಯದ ಡಾಲ್ಟನ್ ಎಂಬ ಊರಿನದು. 1895ರ ಸುಮಾರಿಗೆ ಅಲ್ಲಿನ ಕ್ಯಾಥರಿನ್ ಇವಾನ್ಸ್ ಎಂಬ ಹುಡುಗಿ ಬಟ್ಟೆಯೊಳಗೆ ದಪ್ಪ ನೂಲನ್ನು ಸೂಜಿಯಿಂದ ಚುಚ್ಚಿ, ತುದಿ ಕತ್ತರಿಸಿ, ಕುಚ್ಚು ಕುಚ್ಚಾದ ಮಂಚದ ಹೊದಿಕೆ ಮಾಡಿದಳು. ಊರಿನ ಹೆಂಗಸರೆಲ್ಲ ಅದನ್ನೇ ಕಲಿತರು. ಮುಂದೆ ನೂರಾರು ಸೂಜಿಗಳ ಯಂತ್ರ ಬಂದು, 1950ರ ದಶಕದಲ್ಲಿ ಅದೇ ವಿಧಾನದಿಂದ ಅಗಲವಾದ ಕಾರ್ಪೆಟ್ ಹೊರಬಂತು. ಉಣ್ಣೆಯ ಜಾಗಕ್ಕೆ ನೈಲಾನ್ ಬಂತು. ನೇಯುವ ಬದಲು ಚುಚ್ಚುವುದರಿಂದ ಕೆಲಸ ಹಲವು ಪಟ್ಟು ಬೇಗ ಸಾಗುತ್ತದೆ, ಬೆಲೆಯೂ ಇಳಿಯುತ್ತದೆ. 1970ರ ದಶಕದ ಬ್ರಿಟನ್ನಿನಲ್ಲಿ ಬಚ್ಚಲುಮನೆಗೂ ಕಾರ್ಪೆಟ್ ಹಾಕಿಸಿಕೊಂಡವರಿದ್ದರು ಎಂಬುದು ತಂಬಿಗೆಯಲ್ಲಿ ನೀರು ಮೊಗೆದು ಮೀಯುವವರಿಗೆ ನಂಬಲು ಕಷ್ಟವಾದ ಸಂಗತಿ.

ರಚನೆ

ಗಟ್ಟಿ ನೆಲದ ಕೆಲಸ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಮಣ್ಣು ತುಂಬಿ, ನೀರು ಹಾಯಿಸಿ, ದಿಮ್ಮಸಿನಿಂದ ಬಡಿದು ಕೂರಿಸಿದ ಮೇಲೆ ಜೆಲ್ಲಿ ಕಾಂಕ್ರೀಟಿನ ಪದರ, ಅದರ ಮೇಲೆ ಸಿಮೆಂಟ್–ಮರಳಿನ ಗಾರೆ, ಕೊನೆಗೆ ಕಾಣುವ ಮೇಲ್ಪದರ. ಮೇಸ್ತ್ರಿ ರಸಮಟ್ಟ ಹಿಡಿದು ಮಟ್ಟ ನೋಡುತ್ತಾನೆ. ಆದರೆ ಅಡುಗೆಮನೆ, ಬಚ್ಚಲು, ಬಾಲ್ಕನಿಗಳಲ್ಲಿ ಪೂರ್ತಿ ಮಟ್ಟವಾದ ನೆಲ ದೋಷವೇ ಸರಿ. ನೀರು ಮೋರಿಯ ಕಡೆಗೆ ಹರಿಯಲೆಂದು ಕಣ್ಣಿಗೆ ಕಾಣದಷ್ಟು ಇಳಿಜಾರು ಬಿಡಬೇಕು. ಇದಕ್ಕೆ ಗಾರೆ ಕೆಲಸದವರು ವಾಟ ಎನ್ನುತ್ತಾರೆ. ವಾಟ ತಪ್ಪಿದರೆ ತೊಳೆದ ನೀರು ಬಾಗಿಲ ಮೂಲೆಯಲ್ಲಿ ನಿಲ್ಲುತ್ತದೆ, ಆ ಮನೆಯಲ್ಲಿ ನೀರು ಗುಡಿಸುವ ಪೊರಕೆಗೆ ಬಿಡುವಿರುವುದಿಲ್ಲ.

ಟೈಲ್ ಕೂರಿಸುವಾಗ ಅಡಿಯಲ್ಲಿ ಗಾರೆ ಎಲ್ಲ ಕಡೆ ತುಂಬಿರಬೇಕು. ಬೆರಳ ಗೆಣ್ಣಿನಿಂದ ತಟ್ಟಿದರೆ ತುಂಬಿದ ಜಾಗ ಮಂದವಾಗಿಯೂ ಪೊಳ್ಳಾದ ಜಾಗ ಟೊಳ್ಳುದನಿಯಲ್ಲೂ ಸದ್ದು ಕೊಡುತ್ತದೆ. ಟೈಲ್‌ಗಳ ನಡುವೆ ಸಂದು ಬಿಡದೆ ಬಿಗಿಯಾಗಿ ಜೋಡಿಸಿದ, ಅಂಚಿನಲ್ಲಿ ಹಿಗ್ಗಲು ಜಾಗವಿಲ್ಲದ ನೆಲ ಬಿಸಿಲಿನ ದಿನಗಳಲ್ಲಿ ಹಿಗ್ಗಿ, ಒಂದು ಮಧ್ಯಾಹ್ನ ಢಬ್ಬೆಂದು ಸದ್ದು ಮಾಡಿ ಎರಡು ಟೈಲ್‌ಗಳು ಡೇರೆಯಂತೆ ಮೇಲೇಳುವುದುಂಟು. ಟೈಲ್ ಕೆಟ್ಟದ್ದೆಂದು ದೂರುವವರೇ ಹೆಚ್ಚು. ಕಾರಣ ಹೆಚ್ಚಿನ ಪಾಲು ಅಡಿಯ ಗಾರೆಯಲ್ಲೂ ಬಿಡದ ಸಂದಿನಲ್ಲೂ ಇರುತ್ತದೆ.

ಕೂರಿಸಿದ ಕಾರ್ಪೆಟ್‌ನ ಅಡಿ ಬೇರೆಯೇ ಲೋಕ. ಅಮೆರಿಕದ ಸಾಮಾನ್ಯ ಮನೆಯದು ಮರದ ಚೌಕಟ್ಟು. ತೊಲೆಗಳ ಮೇಲೆ ಪ್ಲೈವುಡ್ ಬಡಿದಿರುತ್ತಾರೆ. ಅದು ಬರಿಗಣ್ಣಿಗೆ ಒರಟು, ನಡೆದರೆ ಕಿರುಗುಟ್ಟುವಂಥದ್ದು. ಅದನ್ನು ಮುಚ್ಚಲು ಅತಿ ಅಗ್ಗದ ದಾರಿ ಕಾರ್ಪೆಟ್. ಗೋಡೆಯಂಚಿಗೆ ಓರೆಮೊಳೆಗಳ ಮರದ ಪಟ್ಟಿ ಬಡಿದು, ಸ್ಪಂಜಿನ ಪದರ ಹಾಸಿ, ಕಾರ್ಪೆಟ್ ಎಳೆದು ಮೊಳೆಗೆ ಸಿಕ್ಕಿಸುತ್ತಾರೆ. ಎಳೆಯುವ ಉಪಕರಣವನ್ನು ಕೆಲಸಗಾರ ಮೊಣಕಾಲಿನಿಂದ ಒದ್ದು ತಳ್ಳುತ್ತಾನೆ. ಈ ಕಸುಬಿನವರಿಗೆ ಮೊಣಕಾಲಿನ ಬೇನೆ ಗಂಟುಬಿದ್ದದ್ದು ಅದರಿಂದಲೇ. ಭಾರತದ ಆರ್‌ಸಿಸಿ ಚಾವಣಿಗೆ ಮುಚ್ಚಿಡಬೇಕಾದ ಪ್ಲೈವುಡ್ ಇಲ್ಲ. ಕಾಂಕ್ರೀಟಿನ ಮೇಲೆ ಗಾರೆ, ಕಲ್ಲು ತಾನಾಗಿ ಕೂರುತ್ತವೆ. ಎರಡು ನಾಡುಗಳ ಅಭಿರುಚಿಯ ವ್ಯತ್ಯಾಸ ಎಂದುಕೊಳ್ಳುವುದರಲ್ಲಿ ಅರ್ಧ ಭಾಗ ಕಟ್ಟಡದ ಎಲುಬಿನ ವ್ಯತ್ಯಾಸ.

ಗಟ್ಟಿ ನೆಲದ ಬಗೆಗಳು

ಮಣ್ಣಿನ ನೆಲ. ಹದವಾಗಿ ಕಲಸಿದ ಮಣ್ಣನ್ನು ಹರಡಿ, ಅರೆ ಒಣಗಿದಾಗ ಹಿಡಿಯುಳ್ಳ ಹಲಗೆಯಿಂದ ಬಡಿದು, ನುಣುಪುಗಲ್ಲಿನಿಂದ ಉಜ್ಜಿ, ಸಗಣಿಯಿಂದ ಸಾರಿಸುತ್ತಾರೆ. ಮಲೆನಾಡು, ಕರಾವಳಿಗಳಲ್ಲಿ ಸಗಣಿಗೆ ಇದ್ದಿಲಿನ ಮಸಿ ಬೆರೆಸಿ ನೆಲವನ್ನು ಕಪ್ಪಾಗಿ ಹೊಳೆಯಿಸುವುದಿತ್ತು. ಸಾರಿಸಿದ ಕೈ ಎಡಬಲಕ್ಕೆ ಆಡಿದ ಕಮಾನಿನ ಗೆರೆಗಳು ಒಣಗಿದ ಮೇಲೂ ಮಾಸುವುದಿಲ್ಲ. ಹಿಂದೆ ಹಿಂದೆ ಸರಿಯುತ್ತ ಬಾಗಿಲ ತನಕ ಬಂದವರ ದಾರಿ ಅದರಲ್ಲಿ ಓದಬಹುದು. ವಾರ ಹದಿನೈದು ದಿನಕ್ಕೊಮ್ಮೆ ಹೊಸ ಪದರ ಬೇಕೇ ಬೇಕು.

ಫರಸಿ. ಕಲಬುರಗಿ ಜಿಲ್ಲೆಯ ಶಹಾಬಾದಿನ ಸುತ್ತ ಸುಣ್ಣಕಲ್ಲು ಭೂಮಿಯೊಳಗೆ ಪದರ ಪದರವಾಗಿ ಮಲಗಿದೆ. ಸಂದಿಗೆ ಉಳಿ ಹಾಕಿ ಬಡಿದರೆ ಹಲಗೆಯಂತೆ ಎದ್ದುಬರುತ್ತದೆ, ಗರಗಸದ ಹಂಗು ಕಡಿಮೆ. ಬೂದಿ, ನೀಲಿ ಛಾಯೆಯ ಈ ಚಪ್ಪಡಿ ಉತ್ತರ ಕರ್ನಾಟಕದ ಮನೆ, ಶಾಲೆ, ರೈಲು ನಿಲ್ದಾಣಗಳ ನೆಲವಾಗಿ ಮಹಾರಾಷ್ಟ್ರದವರೆಗೂ ಹೋಗಿದೆ. ಗಡಿಯಾಚೆಯ ತಾಂಡೂರಿನಲ್ಲೂ ಇದೇ ಬಗೆಯ ಕಲ್ಲಿದೆ. ಬಿರುಬಿಸಿಲಿನ ನಾಡಿನಲ್ಲಿ ನಡುಮಧ್ಯಾಹ್ನ ಬರಿ ಫರಸಿಯ ಮೇಲೆ ಒರಗುವುದು ಬೇಸಿಗೆಯ ದೊಡ್ಡ ಸೌಕರ್ಯ. ಇದರ ದೌರ್ಬಲ್ಯ ಹುಳಿ. ನಿಂಬೆಹೋಳು ಬಿದ್ದ ಕಡೆ, ಹುಣಸೆರಸ ಚೆಲ್ಲಿದ ಕಡೆ ಆಮ್ಲವು ಸುಣ್ಣವನ್ನು ತಿಂದು ಹೊಳಪನ್ನು ಅಳಿಸುತ್ತದೆ, ಕಲೆ ಒರೆಸಿದರೆ ಹೋಗದು. ಅಮೃತಶಿಲೆಗೂ ಇದೇ ಪಾಡು, ಏಕೆಂದರೆ ಅದೂ ಮೂಲದಲ್ಲಿ ಸುಣ್ಣಕಲ್ಲೇ.

ಮಂಗಳೂರಿನ ಕೆಂಪು ಬಿಲ್ಲೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಾಡಿನ ಹೆಂಚಿನ ಖ್ಯಾತಿಯ ಮರೆಗೆ ಸರಿದಿದ್ದರೂ ನೆಲಕ್ಕೆ ಹಾಸುವ ಚೌಕ ಬಿಲ್ಲೆಗಳೂ ಇಂಥ ಕಾರ್ಖಾನೆಗಳಿಂದ ಹೊರಬಿದ್ದು ಕರಾವಳಿಯ ಚಾವಡಿ, ಜಗಲಿಗಳನ್ನು ತುಂಬಿದವು.

ರೆಡ್ ಆಕ್ಸೈಡ್ ನೆಲ. ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿಯನ್ನು ಸಿಮೆಂಟಿಗೆ ಬೆರೆಸಿ, ಕೆಳಗಿನ ಗಾರೆ ಇನ್ನೂ ಹಸಿಯಿರುವಾಗಲೇ ತೆಳ್ಳಗೆ ಹರಡಿ, ಕರಣೆಯಿಂದ ಒತ್ತಿ ಒತ್ತಿ ತೀಡುತ್ತಾರೆ. ಹೊಳಪು ಹುಟ್ಟುವುದು ಬಣ್ಣದಿಂದಲ್ಲ, ಆ ತೀಡುವಿಕೆಯಿಂದ. ಒಂದು ಕೋಣೆಯನ್ನು ಒಂದೇ ಪಟ್ಟಿನಲ್ಲಿ ಮುಗಿಸಬೇಕು. ಊಟಕ್ಕೆಂದು ಎದ್ದುಹೋದರೆ ಬೆಸುಗೆಯ ಗೆರೆ ಕೊನೆಯವರೆಗೂ ಕಾಣುತ್ತದೆ. ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸಿ ಕ್ಯೂರಿಂಗ್. ಗೋಡೆಯ ಬದಿಗೆ ಕರಿಪಟ್ಟಿ, ನಡುವೆ ಕೆಂಪು — 20ನೇ ಶತಮಾನದ ನಡುಭಾಗದ ಮೈಸೂರು, ಬೆಂಗಳೂರು, ಮಲೆನಾಡಿನ ಮನೆಗಳಲ್ಲಿ ಇದೇ ಸಾಮಾನ್ಯ ನೋಟ. ಕಾಲಾಡಿದಷ್ಟೂ, ಒದ್ದೆಬಟ್ಟೆ ಆಡಿದಷ್ಟೂ ಮೆರುಗು ಏರುವ ನೆಲ ಇದು. ಕೂದಲೆಳೆಯ ಬಿರುಕು ಬಿಡುವುದು ಇದರ ಹುಟ್ಟುಗುಣ, ತೇಪೆ ಹಾಕಿದರೆ ಬಣ್ಣ ಹೊಂದುವುದಿಲ್ಲ.

ಮೊಸಾಯಿಕ್. ವೆನಿಸ್ ಮೂಲದ ಟೆರಾಜೊ ಇಲ್ಲಿ ಮೊಸಾಯಿಕ್ ಎಂದೇ ಹೆಸರಾಯಿತು. ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕಲಸಿ, ಗಾಜಿನ ಪಟ್ಟಿಗಳಿಂದ ಮನೆ ಮನೆ ಮಾಡಿ ಎರೆದು, ಗಟ್ಟಿಯಾದ ಮೇಲೆ ಯಂತ್ರದಿಂದ ಉಜ್ಜುತ್ತಾರೆ. ಉಜ್ಜುವಾಗ ಮಜ್ಜಿಗೆಯಂಥ ಕೆಸರುನೀರು ಮನೆಯಿಡೀ ಹರಿದು ಅಡಿಯ ಚುಕ್ಕಿಗಳು ಮೆಲ್ಲಗೆ ಕಾಣತೊಡಗುತ್ತವೆ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಸಿಮೆಂಟ್ ಟೈಲ್‌ಗಳ ಪರಂಪರೆ ಇದರ ಪಕ್ಕದ್ದು; ಮುಂಬಯಿಯಲ್ಲಿ 1922ರಲ್ಲಿ ಶುರುವಾದ ಭಾರತ್ ಟೈಲ್ಸ್, ತಮಿಳುನಾಡಿನ ಚೆಟ್ಟಿನಾಡಿನ ಅತ್ತಂಗುಡಿಯಲ್ಲಿ ಗಾಜಿನ ಮೇಲೆ ಕೈಯಲ್ಲೇ ಎರೆಯುವ ಬಿಲ್ಲೆಗಳು ಅದರ ಹೆಸರಾಂತ ಮಾದರಿಗಳು. ಮೈಸೂರು ಅರಮನೆಯ ಕಲ್ಯಾಣ ಮಂಟಪದ ನೆಲಕ್ಕೆ ಮಾತ್ರ ಇಂಗ್ಲೆಂಡಿನಿಂದ ಟೈಲ್ಸ್ ತರಿಸಿದ್ದರು.

ಗ್ರಾನೈಟ್. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ದೇಶದಾಚೆಗೂ ಹೆಸರು ಮಾಡಿದ ಕಲ್ಲುಗಳು. ಬೆಂಗಳೂರಿನವರು ಮನೆ ಕಟ್ಟುವಾಗ ಜಿಗಣಿಯ ಗ್ರಾನೈಟ್ ಅಂಗಡಿಗಳ ಸಾಲಿಗೆ ಒಂದು ಸುತ್ತು ಹಾಕದಿರುವುದು ಅಪರೂಪ. ಅಡುಗೆಮನೆಯ ಹುಳಿಗೆ ಗ್ರಾನೈಟ್ ಜಗ್ಗುವುದಿಲ್ಲ. ಕತ್ತರಿಸುವವರ ಪಾಲಿಗೆ ಅದರ ಸ್ಫಟಿಕದ ಧೂಳು ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶದ ರೋಗ. ಗರಗಸಕ್ಕೆ ನೀರು ಬಿಟ್ಟುಕೊಂಡು ಕೊಯ್ಯಬೇಕೆನ್ನುವುದು ಅದಕ್ಕೇ.

ವಿಟ್ರಿಫೈಡ್ ಟೈಲ್ಸ್. ಜೇಡಿಮಣ್ಣು, ಫೆಲ್ಡ್‌ಸ್ಪಾರ್, ಸ್ಫಟಿಕದ ಪುಡಿಯನ್ನು ಭಾರಿ ಒತ್ತಡದಲ್ಲಿ ಅಚ್ಚೊತ್ತಿ, ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಗಾಜಿನಂತೆ ಬೆಸೆಯುವ ತನಕ ಸುಡುತ್ತಾರೆ. ನೀರು ಹೀರುವ ಪ್ರಮಾಣ 0.5 ಶೇಕಡಕ್ಕಿಂತ ಹೆಚ್ಚಿರಬಾರದು ಎಂಬುದು ಮಾನದಂಡ; ಗೋಡೆಗೆ ಹಾಕುವ ಸಾಮಾನ್ಯ ಸೆರಾಮಿಕ್‌ನಲ್ಲಿ ಇದು 10 ಶೇಕಡ ದಾಟುತ್ತದೆ. ಅಂಗಡಿಯಲ್ಲಿ ಕೇಳಿಬರುವ ಫುಲ್ ಬಾಡಿ ಎಂದರೆ ಬಣ್ಣ ಅಡಿಯವರೆಗೂ ಇರುವುದು, ಡಬಲ್ ಚಾರ್ಜ್ ಎಂದರೆ ಮೇಲಿನ ಕೆಲವು ಮಿ.ಮೀ.ವರೆಗೆ ಇರುವುದು, ಜಿವಿಟಿ ಎಂದರೆ ಚಿತ್ರ ಮುದ್ರಿಸಿ ಮೇಲೆ ಗಾಜುಲೇಪ ಕೊಟ್ಟದ್ದು. ಕೊನೆಯದರಲ್ಲಿ ಅಂಚು ಚೂರಾದರೆ ಒಳಗಿನ ಬೇರೆ ಬಣ್ಣ ಇಣುಕುತ್ತದೆ. ದೇಶದ ಬಹುಪಾಲು ಟೈಲ್ಸ್ ಗುಜರಾತಿನ ಮೋರ್ಬಿಯಿಂದ ಬರುತ್ತದೆ.

ಮರ ಮತ್ತು ಹಾಳೆಗಳು. ಇಡೀ ಮರದ ಹಲಗೆ ಮಲೆನಾಡಿನ ಅಟ್ಟ, ಮಹಡಿಗಳಿಗೆ ಹಳೆಯದೇ. ಇಂದಿನ ವುಡನ್ ಫ್ಲೋರಿಂಗ್ ಹೆಚ್ಚಾಗಿ ಲ್ಯಾಮಿನೇಟ್, ಅಂದರೆ ಒತ್ತಿದ ಮರದ ಪುಡಿಯ ಹಲಗೆಯ ಮೇಲೆ ಮರದ ಚಿತ್ರ. ಇದು 1970ರ ದಶಕದಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡಿತು. ಅದಕ್ಕೂ ಮುಂಚೆ, 1860ರ ದಶಕದಲ್ಲಿ, ಇಂಗ್ಲೆಂಡಿನ ಫ್ರೆಡೆರಿಕ್ ವಾಲ್ಟನ್ ಅಗಸೆ ಎಣ್ಣೆಗೆ ಬೆಂಡಿನ ಪುಡಿ ಬೆರೆಸಿ ಲಿನೋಲಿಯಂ ಮಾಡಿದ್ದ. ಅದರ ಜಾಗವನ್ನು ಈಗ ಪಿವಿಸಿಯ ವಿನೈಲ್ ಹಾಳೆ ಹಿಡಿದಿದೆ.

ಹಾಸಿನ ಬಗೆಗಳು

ಕೆಳಮೆಟ್ಟಿಲಲ್ಲಿ ಚಾಪೆ: ಬಯಲುಸೀಮೆಯಲ್ಲಿ ಈಚಲು ಗರಿ, ಕರಾವಳಿಯಲ್ಲಿ ಕೇದಗೆ ಜಾತಿಯ ಓಲೆ, ಕೆರೆಯಂಚಿನಲ್ಲಿ ಜೊಂಡು. ಆಮೇಲೆ ಕಂಬಳಿ. ದಖನಿ ಕುರಿಯ ಒರಟು ಉಣ್ಣೆಯನ್ನು ಕುರುಬರು ನೇಯ್ದು ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡುತ್ತಾರೆ. ಚಳ್ಳಕೆರೆ ಇದರ ಹೆಸರಾಂತ ಪೇಟೆ. ಹಾಸಲು, ಹೊದೆಯಲು, ಮಳೆಗೆ ಕೊಪ್ಪೆ ಹಾಕಿಕೊಳ್ಳಲು ಒಂದೇ ಕಂಬಳಿ.

ಕರ್ನಾಟಕದ ಹಾಸುಗಳಲ್ಲಿ ಹೆಚ್ಚು ಗಮನ ಬೇಡುವುದು ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ. ಆದಿಲ್‌ಶಾಹಿ ಕಾಲದ ವಿಜಯಪುರದಿಂದ ವಲಸೆ ಬಂದ ನೇಕಾರ ಕುಟುಂಬಗಳು ಇದನ್ನು ಇಲ್ಲಿ ನೆಲೆಗೊಳಿಸಿದವೆಂಬುದು ಪ್ರತೀತಿ. ನೇಯುವವರು ಮುಸ್ಲಿಂ ಕುಟುಂಬಗಳ ಹೆಂಗಸರು; ವಿದ್ಯೆ ಮನೆಯಿಂದ ಹೊರಗೆ ಹೋಗದಂತೆ ಕಾದುಕೊಂಡು ಬಂದವರೂ ಅವರೇ. ಮಗ್ಗ ನೆಟ್ಟಗೆ ನಿಂತಿರುತ್ತದೆ. ನೇಯುವವಳು ಅದರ ಮುಂದೆ ನೆಲಕ್ಕೆ ಕುಳಿತು, ಬಣ್ಣ ಬದಲಾಗುವಲ್ಲೆಲ್ಲ ನೂಲನ್ನು ಬೆರಳಿನಿಂದಲೇ ತೂರಿಸಿ, ಪಂಜ ಎಂಬ ಹಲ್ಲಿನ ಉಪಕರಣದಿಂದ ಬಡಿದು ಹೊಕ್ಕನ್ನು ಕೆಳಗೆ ಕೂರಿಸುತ್ತಾಳೆ. ಎರಡೂ ಮುಖ ಒಂದೇ ತೆರನಾಗಿ ಕಾಣುವುದು ಈ ನೇಯ್ಗೆಯ ಗುಣ. ನಡುವೆ ಪಗಡೆಯ ಹಾಸು ಮೂಡಿದ್ದು ಅದರ ಮೇಲೆಯೇ ಆಟಕ್ಕೆ ಕೂರಬಹುದಾದ ಜಮಖಾನಗಳಿವೆ. ನಮಾಜಿಗೆ ಬಳಸುವವು ಬೇರೆ. ಊರ ಹೆಸರಿನಲ್ಲಿರುವ ನವಿಲು ಅಂಚಿನಲ್ಲೂ ಕಾಣುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಗಂಟಿನ ರತ್ನಗಂಬಳಿಯ ಬೆಲೆ ನಿಂತಿರುವುದು ಒಂದು ಚದರ ಅಂಗುಲದಲ್ಲಿ ಎಷ್ಟು ಗಂಟು ಎಂಬುದರ ಮೇಲೆ. ಕಾಶ್ಮೀರ ಮತ್ತು ಉತ್ತರ ಪ್ರದೇಶದ ಭದೋಹಿ–ಮಿರ್ಜಾಪುರ ಇದರ ದೊಡ್ಡ ಕೇಂದ್ರಗಳು. ಮಾಲಿನ ಬಹುಭಾಗ ರಫ್ತಾಗುತ್ತದೆ. ಮಕ್ಕಳ ಸಣ್ಣ ಬೆರಳು ಸಣ್ಣ ಗಂಟಿಗೆ ಒಗ್ಗುತ್ತದೆಂಬ ನೆಪದಲ್ಲಿ ಬಾಲಕಾರ್ಮಿಕರನ್ನು ದುಡಿಸಿದ್ದು ಈ ಉದ್ಯಮದ ಕಪ್ಪು ಅಧ್ಯಾಯ. ಅದರ ವಿರುದ್ಧ 1994ರಲ್ಲಿ ಬಂದ ರಗ್‌ಮಾರ್ಕ್ ಎಂಬ ಗುರುತುಚೀಟಿ ಈಗ ಗುಡ್‌ವೀವ್ ಆಗಿದೆ. ಅದರ ಹಿಂದೆ ದುಡಿದ ಕೈಲಾಶ್ ಸತ್ಯಾರ್ಥಿಯವರಿಗೆ 2014ರ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು.

ಕರ್ನಾಟಕದೊಳಗೂ ಗಂಟಿನ ಕಾರ್ಪೆಟ್ ನೇಯುವ ಕೈಗಳಿವೆ, ಟಿಬೆಟನ್ ನಿರಾಶ್ರಿತರ ಬೈಲಕುಪ್ಪೆ ಮತ್ತು ಮುಂಡಗೋಡಿನ ನೆಲೆಗಳಲ್ಲಿ. ಟಿಬೆಟನ್ ಗಂಟಿನ ಕ್ರಮವೇ ಬೇರೆ: ನೂಲನ್ನು ಒಂದು ಸರಳಿಗೆ ಸುತ್ತಿಕೊಂಡು ಸಾಲು ಮುಗಿಸಿ, ಆಮೇಲೆ ಸರಳಿನುದ್ದಕ್ಕೂ ಕುಯ್ದರೆ ಪೈಲ್ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. ಸರಳು ದಪ್ಪವಿದ್ದಷ್ಟೂ ಪೈಲ್ ಎತ್ತರ. ಸುಮಾರು 3×6 ಅಡಿಯ ಇದರ ಸಾಮಾನ್ಯ ತುಂಡು ಕೂರುವ, ಮಲಗುವ ಮಂಚದ ಮೇಲೆ ಹಾಸುವಂಥದ್ದು.

ಗುಣಗಳ ಹೋಲಿಕೆ

ಒಂದೇ ಕೋಣೆಯ ಟೈಲ್ ತಣ್ಣಗೆ, ಕಾರ್ಪೆಟ್ ಬೆಚ್ಚಗೆ ಎನಿಸಿದರೂ ಥರ್ಮಾಮೀಟರ್ ಇಟ್ಟರೆ ಎರಡೂ ಒಂದೇ ಉಷ್ಣದಲ್ಲಿರುತ್ತವೆ. ಗ್ರಾನೈಟ್ ಶಾಖವನ್ನು ಉಣ್ಣೆಗಿಂತ ಹತ್ತಾರು ಪಟ್ಟು ವೇಗವಾಗಿ ಸಾಗಿಸುತ್ತದೆ. ಅಂಗಾಲಿನ ಬಿಸಿಯನ್ನು ಎಳೆದುಕೊಳ್ಳುವ ಆ ವೇಗವೇ ತಂಪು ಎಂಬ ಅನುಭವ. ಕಲಬುರಗಿಯ ಏಪ್ರಿಲ್‌ನಲ್ಲಿ ಅದು ವರ, ಲಂಡನ್ನಿನ ಜನವರಿಯಲ್ಲಿ ಕಾಟ. ಹಾಗೆಂದು ಚಳಿನಾಡಿಗೆಲ್ಲ ಕಾರ್ಪೆಟ್ಟೇ ಗತಿ ಎನ್ನುವಂತಿಲ್ಲ. ಕೊರಿಯಾದ ಓಂಡೋಲ್ ಪದ್ಧತಿಯಲ್ಲಿ ಒಲೆಯ ಹೊಗೆಯನ್ನು ಕಲ್ಲುನೆಲದ ಅಡಿಯಲ್ಲಿ ಹಾಯಿಸುತ್ತಿದ್ದರು, ಮೇಲೆ ಎಣ್ಣೆ ಹಚ್ಚಿದ ಕಾಗದ ಅಂಟಿಸುತ್ತಿದ್ದರು. ಇಂದು ಅದೇ ಜಾಗದಲ್ಲಿ ಬಿಸಿನೀರಿನ ಕೊಳವೆಗಳಿವೆ. ಶಾಖ ಕೆಳಗಿನಿಂದ ಬರುವುದಾದರೆ ಕಾರ್ಪೆಟ್ ಅಡ್ಡಿಯೇ.

ಸದ್ದಿನ ವಿಷಯದಲ್ಲಿ ಕಾರ್ಪೆಟ್ ಎದುರಾಳಿಯಿಲ್ಲದ ಗೆಲುವು ಪಡೆಯುತ್ತದೆ. ನೆಲದಿಂದ ಕೆಳಗಿಳಿಯುವ ಸದ್ದನ್ನು ಅಳೆಯುವ ಯಂತ್ರದಲ್ಲಿ ತಲಾ 500 ಗ್ರಾಮಿನ ಐದು ಸುತ್ತಿಗೆಗಳು 40 ಮಿ.ಮೀ. ಎತ್ತರದಿಂದ ಸೆಕೆಂಡಿಗೆ ಹತ್ತು ಬಾರಿ ನೆಲಕ್ಕೆ ಬೀಳುತ್ತವೆ; ಕೆಳಗಿನ ಮನೆಯಲ್ಲಿ ಕೇಳುವ ಸದ್ದನ್ನು ದಾಖಲಿಸುತ್ತಾರೆ. ನ್ಯೂಯಾರ್ಕಿನ ಅನೇಕ ಬಾಡಿಗೆ ಕರಾರುಗಳಲ್ಲಿ ಮನೆಯ ನೆಲದ 80 ಶೇಕಡವನ್ನು ಹಾಸಿನಿಂದ ಮುಚ್ಚಬೇಕೆಂಬ ಷರತ್ತಿರುವುದು ಕೆಳಮನೆಯವರ ನಿದ್ದೆಗಾಗಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮೇಲಿನವರ ಒರಳುಕಲ್ಲು, ಎಳೆದಾಡುವ ಕುರ್ಚಿಗಳು ಟೈಲ್ ನೆಲದ ಮೂಲಕ ನೇರ ಕೆಳಗಿಳಿಯುತ್ತವೆ. ಕುರ್ಚಿಯ ಕಾಲಿಗೆ ರಬ್ಬರ್ ಬಿರಡೆ ತೊಡಿಸುವುದು ಇಲ್ಲಿನ ಪರಿಹಾರ.

ನೀರಿನ ಮಾತು ಬಂದರೆ ತಕ್ಕಡಿ ಪೂರಾ ಗಟ್ಟಿ ನೆಲದ ಕಡೆ ವಾಲುತ್ತದೆ. ದಿನಾ ಒರೆಸುವ, ಹಬ್ಬಕ್ಕೆ ತೊಳೆಯುವ, ಎಳೆ ಎಳೆಯಾಗಿ ರಂಗೋಲಿ ಬಿಡಿಸುವ ಮನೆಗೆ ಗಟ್ಟಿ ನೆಲವೇ ಬೇಕು. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಕಂಬಳಿಯೇ ಬೂಷ್ಟು ಹಿಡಿಯುವಾಗ ಕೂರಿಸಿದ ಕಾರ್ಪೆಟ್ ಉಳಿಯುವ ಮಾತಿಲ್ಲ. ಕಲ್ಲಿಗೂ ಒಂದು ಪೀಡೆ ಇದೆ. ಮಳೆ ಹಿಡಿಯುವ ಮುಂಚೆ ತೇವದ ಗಾಳಿ ತಣ್ಣನೆಯ ನೆಲಕ್ಕೆ ತಾಗಿ ಹನಿಗಟ್ಟುತ್ತದೆ. ಆಗ ಕರಾವಳಿಯವರು ನೆಲ ಬೆವರುತ್ತಿದೆ ಎನ್ನುತ್ತಾರೆ.

ಧೂಳಿನ ಲೆಕ್ಕ ಅಷ್ಟು ಸರಳವಲ್ಲ. ಪೈಲ್ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ನುಣುಪು ನೆಲದ ಧೂಳು ಫ್ಯಾನ್ ಗಾಳಿಗೆ ಏಳುತ್ತದೆ. ಆದರೆ ಹಿಡಿದಿಟ್ಟದ್ದು ಹೊರಬೀಳಬೇಕಾದರೆ ಬಲವಾದ ವ್ಯಾಕ್ಯೂಮ್ ಕ್ಲೀನರ್ ಬೇಕು. ಅಲ್ಲಿ ಬೆಳೆಯುವ ಧೂಳಿನ ನುಸಿ ಸುಮಾರು 0.3 ಮಿ.ಮೀ. ಉದ್ದದ, ಚರ್ಮದ ಹೊಟ್ಟು ತಿನ್ನುವ ಜೀವಿ. ಅದರ ಹಿಕ್ಕೆ ಅಲರ್ಜಿ, ಅಸ್ತಮಾಗಳಿಗೆ ಕಾರಣ. ಅದು ನೀರು ಕುಡಿಯದೆ ಗಾಳಿಯ ತೇವವನ್ನೇ ಹೀರುವುದರಿಂದ ಆರ್ದ್ರತೆ 50 ಶೇಕಡಕ್ಕಿಂತ ಕೆಳಗಿಳಿದು ಹಾಗೇ ಉಳಿದರೆ ಬಾಳುವುದಿಲ್ಲ. ಮಂಗಳೂರಿನ ಗಾಳಿ ಈ ನುಸಿಗೆ ಅನುಕೂಲ. ಹಾಸಿಗೆ, ದಿಂಬುಗಳಲ್ಲೂ ಇದು ಧಾರಾಳವಾಗಿರುವುದರಿಂದ ಕಾರ್ಪೆಟ್ ಕಿತ್ತ ಮಾತ್ರಕ್ಕೆ ಅಲರ್ಜಿ ಹೋಗುತ್ತದೆಂಬ ಭರವಸೆಯಿಲ್ಲ.

ಬಿದ್ದರೆ ಮೆತ್ತಗಿರುವುದು ಕಾರ್ಪೆಟ್, ಬೀಳಿಸುವುದರಲ್ಲಿ ಮುಂದಿರುವುದು ಒದ್ದೆಯಾದ ಪಾಲಿಶ್ ಟೈಲ್. ಜಾರುವಿಕೆ ಅಳೆಯಲು ಜರ್ಮನಿಯಲ್ಲಿ ಎಣ್ಣೆ ಸುರಿದ ಇಳಿಜಾರಿನ ಮೇಲೆ ಮನುಷ್ಯರನ್ನೇ ನಡೆಸುತ್ತಾರೆ. ಎಷ್ಟು ಡಿಗ್ರಿಯವರೆಗೆ ಜಾರದೆ ನಿಂತರು ಎಂಬುದರ ಮೇಲೆ ಆರ್9ರಿಂದ ಆರ್13ರವರೆಗೆ ದರ್ಜೆ. ಆರ್10 ಎಂದರೆ 10ರಿಂದ 19 ಡಿಗ್ರಿ. ಬಚ್ಚಲಿಗೆ ಟೈಲ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಹೊಳಪಿಗಿಂತ ಮೊದಲು ನೋಡಬೇಕಾದ ಅಂಕೆ ಇದು. ವಯಸ್ಸಾದವರು ಎಡವುವ ಇನ್ನೊಂದು ಜಾಗ, ನುಣುಪು ನೆಲದ ಮೇಲೆ ಸಡಿಲವಾಗಿ ಬಿದ್ದಿರುವ ಕಾಲೊರಸಿನ ಮಡಿಚಿದ ಅಂಚು.

ಇಂದಿನ ಸ್ಥಿತಿ

ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಕೂರಿಸಿದ ಕಾರ್ಪೆಟ್‌ನ ಪಾಲು ಕಳೆದ ಕೆಲವು ದಶಕಗಳಲ್ಲಿ ಕುಗ್ಗಿದೆ. ಹಜಾರ, ಅಡುಗೆಮನೆಗಳನ್ನು ಮರ ಮತ್ತು ವಿನೈಲ್ ಹಲಗೆ ಹಿಡಿದು, ಮಲಗುವ ಕೋಣೆ ಹಾಗೂ ಮೆಟ್ಟಿಲಷ್ಟೇ ಕಾರ್ಪೆಟ್‌ಗೆ ಉಳಿದಿವೆ. ಕಲೆ ಅಂಟದಿರಲೆಂದು ಹಚ್ಚುತ್ತಿದ್ದ ಪಿಎಫ್ಎಎಸ್ ಗುಂಪಿನ ರಾಸಾಯನಿಕಗಳು ನೀರಿಗೆ ಸೇರಿ ವಿಘಟನೆಯಾಗದೆ ಉಳಿಯುತ್ತವೆ ಎಂಬ ಕಳವಳವೂ ಇದೆ. ಹಳೆಯ ಕಾರ್ಪೆಟ್ ಕಸದ ಗುಡ್ಡಕ್ಕೆ ಹೋಗುವುದನ್ನು ತಡೆಯಲು ಕ್ಯಾಲಿಫೋರ್ನಿಯ 2010ರಲ್ಲೇ ಕಾಯ್ದೆ ಮಾಡಿ, ಮರುಬಳಕೆಯ ಖರ್ಚನ್ನು ಮಾರಾಟದ ಬೆಲೆಗೇ ಸೇರಿಸಿತು. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಚಪ್ಪಲಿ ಬಾಗಿಲಲ್ಲೇ ಬಿಡುವ ರೂಢಿಯಿಂದಾಗಿ ಕಾರ್ಪೆಟ್‌ನ ಆಯುಷ್ಯ ಹೆಚ್ಚುತ್ತದೆ; ಅರಿಸಿನ, ಸಾಂಬಾರಿನ ಕಲೆ ಅದನ್ನು ಮತ್ತೆ ತಗ್ಗಿಸುತ್ತದೆ.

ಕರ್ನಾಟಕದಲ್ಲಿ ವಿಟ್ರಿಫೈಡ್ ಟೈಲ್ ಹಳ್ಳಿಯ ಹೊಸ ಮನೆಗಳವರೆಗೂ ತಲುಪಿದೆ. ರೆಡ್ ಆಕ್ಸೈಡ್ ನೆಲಕ್ಕೆ ನಗರದ ವಾಸ್ತುಶಿಲ್ಪಿಗಳಿಂದ ಮತ್ತೆ ಬೇಡಿಕೆ ಬಂದಿದ್ದರೂ ಅದನ್ನು ತೀಡಬಲ್ಲ ಹಳೆಯ ಗಾರೆಯವರು ವಿರಳ. ನವಲಗುಂದದಲ್ಲಿ ನೇಯುವ ಮನೆಗಳು ಬೆರಳೆಣಿಕೆಗೆ ಇಳಿದಿವೆ. ಯಂತ್ರದಲ್ಲಿ ನೇಯ್ದ ಅಗ್ಗದ ಜಮಖಾನದ ಎದುರು ಕೈಮಗ್ಗದ ಕೂಲಿ ಗಿಟ್ಟುವುದಿಲ್ಲ. ಮದುವೆ ಛತ್ರಗಳಲ್ಲಿ ಊಟಕ್ಕೆ ಟೇಬಲ್ ಬಂದು, ಸಂಗೀತ ಕಛೇರಿಗೆ ಕುರ್ಚಿ ಬಂದು, ಜಮಖಾನ ಬಿಡಿಸುವ ಸಂದರ್ಭಗಳೇ ಕಡಿಮೆಯಾದವು.

ಹಳೆಯ ಮನೆಗಳ ದುರಸ್ತಿಯಲ್ಲಿ ಸದ್ಯ ಹೆಚ್ಚು ನಡೆಯುವುದು ನೆಲದ ಮೇಲೆ ನೆಲ. ಕೆಂಪು ಆಕ್ಸೈಡನ್ನೋ ಮೊಸಾಯಿಕ್ಕನ್ನೋ ಒಡೆಯುವ ಧೂಳು, ಖರ್ಚು ಬೇಡವೆಂದು ಅದರ ಮೇಲೆಯೇ ಅಂಟು ಹಚ್ಚಿ ಹೊಸ ಟೈಲ್ ಕೂರಿಸುತ್ತಾರೆ. ನೆಲ ಮುಕ್ಕಾಲು ಅಂಗುಲದಷ್ಟು ಏರುತ್ತದೆ, ಬಾಗಿಲುಗಳು ಉಜ್ಜತೊಡಗುತ್ತವೆ. ಬಡಗಿಯನ್ನು ಕರೆಸಿ ಕದಗಳ ಕೆಳಗಂಚನ್ನು ಹೆರೆಸಬೇಕು. ಹೊಸ್ತಿಲು ಆ ಮುಕ್ಕಾಲು ಅಂಗುಲದಷ್ಟು ಗಿಡ್ಡವಾಗಿ, ಅದರ ಮೇಲೆ ಬಿಡಿಸುವ ರಂಗೋಲಿಯ ಕೊನೆಯ ಎಳೆ ಟೈಲ್‌ಗೆ ತಾಗುತ್ತದೆ.